ಫೋನಿನಲ್ಲಿ ಅತ್ತ ಹೆಂಗಸು

ಮೂರು ದಿನದಲ್ಲಿ ಒಂದೇ ಹೊದಿಕೆ ನಾಲ್ಕು ಸಲ ಒಗೆದು ಹಗ್ಗಕ್ಕೆ ಬಿದ್ದಿದ್ದನ್ನು ಟೈಲರಕ್ಕ ಗಮನಿಸಿದಳು. ಒಗೆದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳು ಮೂರು ದಿನದಿಂದ ಕೆಲಸಕ್ಕೂ ಹೋಗಿರಲಿಲ್ಲ. ಕೇಳಿದರೆ "ತಲೆನೋವು ಅಕ್ಕ" ಅನ್ನುತ್ತಿದ್ದಳು. ತಲೆನೋವಿಗೆ ಯಾರಾದರೂ ಹೊದಿಕೆ ಒಗೆಯುತ್ತಾರೆಯೇ?

ಮನೆಯ ಮುಂದಿನ ಕೋಣೆಯೇ ಟೈಲರಕ್ಕನ ಅಂಗಡಿ. ಹೊಲಿಯುವಾಗ ಫೋನನ್ನು ದಾರದ ಡಬ್ಬಿಗೆ ಒರಗಿಸಿ ವಿಡಿಯೋ ಹಾಕಿಕೊಳ್ಳುವುದು ಅವಳ ಅಭ್ಯಾಸ. ಆ ವಾರವೆಲ್ಲ ಒಂದೇ ವಿಡಿಯೋ ಮತ್ತೆ ಮತ್ತೆ ಬರುತ್ತಿತ್ತು. ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತ, "ಗರ್ಭ ತೆಗೆಸಿದೆ, ಬಂಜೆಯಾದೆ" ಅನ್ನುವಳು. ಆಮೇಲೆ ಒಂದು ದಪ್ಪ ದನಿ: "ತಾನಾಗಿ ಹೋಯಿತು ಅನ್ನುವ ಹೆಣ್ಣನ್ನು ನಂಬಬೇಡಿ!"

ಆ ದನಿ ಕೇಳಿದಾಗಲೆಲ್ಲ ವಾರಗಿತ್ತಿ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಟೈಲರಕ್ಕನ ಅನುಮಾನ ಗಟ್ಟಿಯಾಯಿತು. ಕತ್ತರಿ ಕೆಳಗಿಟ್ಟು ಒಳಗೆ ನುಗ್ಗಿದಳು.

"ನಿಜ ಹೇಳು. ಏನ್ ನುಂಗಿದೆ?"

"ಏನೂ ಇಲ್ಲಕ್ಕ. ಬಸುರಾಗಿ ಎರಡು ತಿಂಗಳೂ ತುಂಬಿರ್ಲಿಲ್ಲ. ತಾನಾಗೇ ಹೋಯ್ತು."

"ತಾನಾಗೇ ಹೋಗೋಕೆ ಅದೇನು ಕರೆಂಟಾ?"

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ನರ್ಸಮ್ಮ ಬಂದಳು. ಒಳಗಿನ ನರಳಾಟ ಕೇಳಿ ಹೋಗಿ ಹುಡುಗಿಯ ಹಣೆ ಮುಟ್ಟಿದಳು.

"ಮೈ ಕೆಂಡ ಆಗಿದೆಯಲ್ಲ! ರಕ್ತ ಎಷ್ಟು ಹೋಗ್ತಿದೆ?"

"ಬೆಳಿಗ್ಗೆಯಿಂದ ಗಂಟೆಗೆ ಎರಡು ಬಟ್ಟೆ ಸಾಲ್ತಿಲ್ಲ."

ನರ್ಸಮ್ಮ ತಕ್ಷಣ ಆಸ್ಪತ್ರೆಯ ಗಾಡಿಗೆ ಫೋನು ಮಾಡಿದಳು. ಟೈಲರಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಆಸ್ಪತ್ರೇಲಿ ಹೆಸರು ಬರ್ಕೊಂಡು ಬೀದಿಗೆಲ್ಲ ಸಾರ್ತಾರಂತೆ. ನಿಮಗೇನು ಲಾಭ ಇದ್ರಿಂದ? ಕಮಿಷನ್ ಸಿಗುತ್ತಾ?"

ನರ್ಸಮ್ಮನಿಗೆ ಕೋಪ ಬರಲಿಲ್ಲ. ಮುಂದಿನ ಕೋಣೆಯಲ್ಲಿ ಫೋನಿನ ಆ ದಪ್ಪ ದನಿ ಇನ್ನೂ ಕೇಳುತ್ತಿತ್ತು. "ಕೇಳ್ಬೇಕಾದ ಮಾತೇ. ಇದನ್ನೇ ಆ ಫೋನಿಗೂ ಕೇಳಿದ್ರಾ?"

ಗಾಡಿ ಬರುವಷ್ಟರಲ್ಲಿ ವಿಡಿಯೋವನ್ನು ಕೊನೆಯವರೆಗೆ ಓಡಿಸಿ ತೋರಿಸಿದಳು. ಅಳು ಮುಗಿದ ಮೇಲೆ ಗರ್ಭ ಶುದ್ಧಿಯ ಕಷಾಯದ ಬಾಟಲಿ ಬಂತು, ಜೊತೆಗೆ ಬೆಲೆ. ಅವರದೇ ಇನ್ನೊಂದು ವಿಡಿಯೋ ಒತ್ತಿದಳು. ಅದೇ ಹೆಂಗಸು, ಅದೇ ಓಲೆ, ಅದೇ ಬಿಕ್ಕಳಿಕೆ. ಈ ಸಲ ಮಂಡಿನೋವಿಗೆ!

"ಅಯ್ಯೋ, ಮಂಡಿಗೂ ಇವಳೇ ಅಳ್ತಾಳಾ!" ಟೈಲರಕ್ಕನ ಬಾಯಿ ತೆರೆದೇ ಉಳಿಯಿತು.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಅದಕ್ಕೇ. ಬಸುರು ತಾನಾಗಿ ಹೋಗೋದು ಎಷ್ಟೋ ಜನಕ್ಕೆ ಆಗುತ್ತೆ, ಅವರ ತಪ್ಪೇನಿಲ್ಲ. ತೆಗೆಸ್ಕೊಂಡವರಿಗೂ ಅಷ್ಟೇ, ಕಲಿತ ಕೈಯಲ್ಲಿ ಸರಿಯಾಗಿ ಆದ್ರೆ ಸಾಮಾನ್ಯವಾಗಿ ಮುಂದೆ ಮಕ್ಕಳಾಗೋಕೆ ತೊಂದರೆ ಇಲ್ಲ. ಹೇಗೇ ಹೋಗಿರ್ಲಿ, ಇಷ್ಟು ಜ್ವರ, ಇಷ್ಟು ರಕ್ತ ಅಂದ್ರೆ ಮನೇಲಿ ಕೂರೋ ಹಾಗಿಲ್ಲ."

ಆಸ್ಪತ್ರೆಯಲ್ಲೂ ಟೈಲರಕ್ಕ ಡಾಕ್ಟರ ಬಾಯನ್ನೇ ನೋಡುತ್ತಿದ್ದಳು, ಏನು ನುಂಗಿದೆ ಅನ್ನುವ ಪ್ರಶ್ನೆ ಈಗ ಬರುತ್ತೆ, ಆಗ ಬರುತ್ತೆ ಅಂತ. ಡಾಕ್ಟರು ಪರದೆ ಎಳೆದು, ಮೆಲ್ಲಗೆ, ಚಿಕಿತ್ಸೆಗೆ ಬೇಕಾದಷ್ಟನ್ನೇ ಕೇಳಿದರು. ಹೊರಗೆ ಬಂದವರು ಹುಡುಗಿಯ ಒಪ್ಪಿಗೆ ಪಡೆದೇ ಹೇಳಿದರು: "ಒಳಗೆ ಸ್ವಲ್ಪ ಉಳಿದು ನಂಜಾಗಿದೆ. ಇನ್ನೊಂದು ದಿನ ತಡ ಮಾಡಿದ್ರೆ ಜೀವಕ್ಕೇ ಬರ್ತಿತ್ತು."

ಸಂಜೆ ಹುಡುಗಿ ಕಣ್ಣು ಬಿಟ್ಟಾಗ ಟೈಲರಕ್ಕ ಕೇಳಿದಳು, "ಮೊದಲ್ನೇ ದಿನಾನೇ ಯಾಕೆ ಹೇಳ್ಲಿಲ್ಲ ನೀನು?"

"ದಿನಾ ಆ ವಿಡಿಯೋ ಹಾಕ್ತಿದ್ರಲ್ಲಕ್ಕ. ನನ್ನನ್ನ ನಂಬಲ್ಲ ಅಂದ್ಕೊಂಡೆ."

ಟೈಲರಕ್ಕ ನಂಬಿರಲಿಲ್ಲ, ನಿಜ. ಹಾಸಿಗೆಯ ಅಂಚಿನಲ್ಲಿ ಕೂತು ಹುಡುಗಿಯ ಕೂದಲು ಸರಿಮಾಡಿದಳು.

ಲಾರಿಯ ಕೆಲಸ ಮುಗಿಸಿ ಬಂದ ಮೈದುನ ಬಾಗಿಲಲ್ಲೇ ನಿಂತ. "ಅತ್ತಿಗೆ, ಇವಳು ಏನಾದ್ರೂ ನುಂಗಿದ್ಲಾ? ಬೀದೀಲಿ ಏನೇನೋ ಅಂತಿದಾರೆ."

"ಬೀದಿಯವರು ಇವಳ ಜ್ವರ ನೋಡಿದ್ರಾ? ಕೇಳೋದಿದ್ರೆ ಅವಳನ್ನೇ ಕೇಳು. ಹೇಳಿದ್ದನ್ನ ನಂಬು. ಮೊದ್ಲು ಹೋಗಿ ಕೈ ಹಿಡ್ಕೋ."

ಅವನು ಹೋಗಿ ಕೈ ಹಿಡಿದುಕೊಂಡ. ಏನೂ ಕೇಳಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಫೋನಿದೆ, ಟೀವಿಯಿದೆ, ಪೇಪರು ಬರುತ್ತದೆ. ಬಸುರಿನ ವಿಷಯ ಬಂದಾಗ ಹೇಳುತ್ತಿರುವವರು ಯಾರು, ಕೊನೆಗೆ ಏನು ಮಾರುತ್ತಿದ್ದಾರೆ ಅಂತ ನೋಡಿ. ಸಂಶಯ ಬಂದರೆ ನರ್ಸನ್ನೋ ಡಾಕ್ಟರನ್ನೋ ಕೇಳಿ. ಬಸುರು ಹೋದ ಮೇಲೆ ಜ್ವರ, ಕೆಟ್ಟ ವಾಸನೆ, ತಡೆಯಲಾಗದ ಹೊಟ್ಟೆನೋವು, ನಿಲ್ಲದ ರಕ್ತ, ಇದರಲ್ಲಿ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹೇಗಾಯಿತು, ಯಾಕಾಯಿತು ಅನ್ನುವ ವಿಚಾರಣೆ ಮನೆಯಲ್ಲಿ ಬೇಡ. ಅನುಮಾನ ಪಡಲೇಬೇಕೆಂದರೆ ಪರದೆಯ ಮೇಲೆ ಅಳುವವಳ ಮೇಲೆ ಪಡಿ. ಪಕ್ಕದ ಕೋಣೆಯಲ್ಲಿ ದನಿಯೆತ್ತದೆ ನರಳುವವಳ ಮೇಲೆ ಬೇಡ.