ಲ್ಯಾಂಟಿ ಬಿಟ್ಟ ಚೆಂಡು

ಟ್ರಾಯ್ ಊರಿನಲ್ಲಿ ಲ್ಯಾಂಟಿ ಡೆವಿನ್ ಹೆಸರು ಕೇಳದವರು ಯಾರಾದರೂ ಇದ್ದರೆ ಅವರು ತೊಟ್ಟಿಲಲ್ಲಿರಬೇಕು, ಇಲ್ಲವೇ ಗೋರಿಯಲ್ಲಿರಬೇಕು. ಹನ್ನೆರಡು ವರ್ಷ ಸಂಬಳಕ್ಕೆ ಬೇಸ್‌ಬಾಲ್ ಆಡಿದವನು. ಆಗಿನ ಕಾನೂನಿನಂತೆ, ಹೊಡೆಯುವವನು ಯಾವ ಎತ್ತರಕ್ಕೆ ಕೇಳುತ್ತಾನೋ ಆ ಎತ್ತರಕ್ಕೇ ಚೆಂಡು ಎಸೆಯಬೇಕು. ಲ್ಯಾಂಟಿ ಬ್ಯಾಟು ಹಿಡಿದು ನಿಂತು "ಕೆಳಗಿನದು" ಎಂದರೆ ಸಾಕು, ಮೊಣಕಾಲ ಮಟ್ಟಕ್ಕೆ ಬಂದ ಚೆಂಡು ಬೇಲಿ ದಾಟುತ್ತಿತ್ತು. ಹೆಂಡತಿ ನೋರಾ ತಾನು ಅಂಗಿಯ ಕಾಲರುಗಳಿಗೆ ಇಸ್ತ್ರಿ ಹಾಕುವ ಕಾರ್ಖಾನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು. ಯಾಕೆ ಓಡಾಡಬಾರದು?

ಆದರೆ ಸಾವಿರದ ಎಂಟುನೂರ ಎಂಬತ್ತೇಳನೇ ಇಸವಿಯಲ್ಲಿ ಆಟ ನಡೆಸುವ ದೊಡ್ಡ ಮನುಷ್ಯರು ಮೇಜಿನ ಸುತ್ತ ಕೂತು ಆ ಕಾನೂನನ್ನು ತೆಗೆದುಹಾಕಿದರು. ಸಿಗಾರ್ ಸೇದುವವರಿಗೆ ಬ್ಯಾಟು ಹಿಡಿದವನ ಕಷ್ಟ ಹೇಗೆ ಗೊತ್ತಾಗಬೇಕು! ಈಗ ಮೊಣಕಾಲಿನಿಂದ ಭುಜದವರೆಗೆ ಎಲ್ಲಿಗೆ ಎಸೆದರೂ ಸರಿಯೇ. ಎಲ್ಲರೂ ಲ್ಯಾಂಟಿಯ ಎದೆಯ ಮಟ್ಟಕ್ಕೇ ಎಸೆದರು. ಅವನು ಗಾಳಿಗೆ ಹೊಡೆದ.

"ಶನಿವಾರ ಕೊನೇ ಅವಕಾಶ ಕಣೋ," ಎಂದ ತಂಡದ ನಾಯಕ ಸ್ಟ್ರೌಬ್. "ಹೊಡೆದ್ರೆ ಇರ್ತೀಯ. ಇಲ್ಲಾಂದ್ರೆ ಕಬ್ಬಿಣದ ಎರಕದ ಕೆಲಸಕ್ಕೇ ವಾಪಸ್."

ಅವತ್ತಿನಿಂದ ಸಂಜೆಯಾದರೆ ನೋರಾ ಹಿತ್ತಲಲ್ಲಿ ಪೆಟ್ಟಿಗೆ ಹತ್ತಿ ನಿಂತು ಗಂಡನ ಎದೆಗೆ ಚೆಂಡೆಸೆಯತೊಡಗಿದಳು. ಪಕ್ಕದ ಮನೆಯ ಟಿಯರ್ನಿ ಮುದುಕಿ ಬೇಲಿಯ ಮೇಲೆ ಗದ್ದವಿಟ್ಟು ನೋಡಿದಳು.

"ಏನೇ ನೋರಾ, ಗಂಡನಿಗೆ ಕಲ್ಲು ಹೊಡೀತಿದೀಯಾ?"

"ಕಲ್ಲಾಗಿದ್ರೆ ಒಂದಾದ್ರೂ ತಾಗ್ತಿತ್ತು ಕಣಜ್ಜಿ."

ಲ್ಯಾಂಟಿ ನಗಲಿಲ್ಲ. ದಿನ ಕಳೆದಂತೆ ಒಂದೊಂದು ಬ್ಯಾಟಿಗೆ ತಾಗತೊಡಗಿತು.

ಶನಿವಾರ ಎದುರು ತಂಡದಲ್ಲಿ ಚೆಂಡೆಸೆಯಲು ನಿಂತವನು ಬಾರ್ನಿ ಕ್ವಿಲ್ಟಿ. ಹಿಂದೆ ಲ್ಯಾಂಟಿಯ ಜೊತೆಗೇ ಆಡಿದವನು, ಅವರ ಮದುವೆಯಲ್ಲಿ ವರನ ಪಕ್ಕ ನಿಂತಿದ್ದವನು. ಆಟದ ಕೊನೆಯ ಸುತ್ತು. ಊರಿನ ತಂಡ ಒಂದು ಓಟ ಹಿಂದಿತ್ತು. ಅದರ ಇಬ್ಬರು ಆಟಗಾರರು, ಓಡಿಬಂದು 'ಮನೆ' ಎಂಬ ಕೊನೆಯ ಗುರುತು ಮುಟ್ಟಿ ಓಟ ಗಳಿಸಲು, ಬೇಸುಗಳ ಮೇಲೆ ಕಾದಿದ್ದರು. ಲ್ಯಾಂಟಿ ಬಂದು ನಿಂತವನೇ, ಹನ್ನೆರಡು ವರ್ಷದ ಅಭ್ಯಾಸವಲ್ಲವೇ, "ಕೆಳಗಿನದು" ಎಂದುಬಿಟ್ಟ.

ಜನ ಬಿದ್ದು ಬಿದ್ದು ನಕ್ಕರು. "ಕಾಫಿನೂ ತರಿಸ್ಲಾ ಸ್ವಾಮಿ?" ಎಂದು ಯಾರೋ ಕೂಗಿದ. ನೋರಾಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆ ವರ್ಷ ನಾಲ್ಕು ತಪ್ಪಿಗೆ ಔಟ್; ಸರಿಯಾಗಿ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೂ ತಪ್ಪೇ. ಎದೆಯ ಮಟ್ಟಕ್ಕೆ ಬಂದ ಮೊದಲೆರಡಕ್ಕೆ ಲ್ಯಾಂಟಿ ಬೀಸಿದರೂ ಬ್ಯಾಟಿಗೆ ತಾಗಲಿಲ್ಲ. ಬಾರ್ನಿ ಚೆಂಡು ಉಜ್ಜುತ್ತಾ ಹೆಂಗಸರ ಸಾಲಿನಲ್ಲಿದ್ದ ನೋರಾಳನ್ನು ಒಮ್ಮೆ ನೋಡಿದ. ಆಮೇಲೆ ಎಸೆದದ್ದು ಮೆಲ್ಲಗೆ, ಮೊಣಕಾಲ ಮಟ್ಟಕ್ಕೆ, ಬೆಣ್ಣೆಯಂಥ ಚೆಂಡು. ಹೊಡಿ, ಹೊಡಿ ಎಂದಿತು ಅವಳ ಜೀವ. ಲ್ಯಾಂಟಿ ಬ್ಯಾಟನ್ನು ಹೆಗಲಿನಿಂದ ಇಳಿಸಲೇ ಇಲ್ಲ.

"ಮೂರು," ಎಂದ ಅಂಪೈರ್.

ಬಾಯಿಗೆ ಬಂದ ತುತ್ತನ್ನು ಬಿಟ್ಟನಲ್ಲ, ಮುಠ್ಠಾಳ! ಮನೆಗೆ ಬರಲಿ, ಇವನಿಗೆ ಮಾಡ್ತೀನಿ ಎಂದು ಅವಳು ಹಲ್ಲು ಕಚ್ಚಿದಳು.

"ನೀನೇ ತಾನೇ ಕೇಳಿದ್ದು?" ಎಂದ ಬಾರ್ನಿ.

"ನಾಲಿಗೆ ಕೇಳ್ತು, ನಾನಲ್ಲ," ಎಂದ ಲ್ಯಾಂಟಿ. ಗದ್ದಲ ಅಡಗಿದ್ದರಿಂದ ನೋರಾಗೂ ಕೇಳಿಸಿತು. "ಭಿಕ್ಷೆ ಹಾಕ್ಬೇಡ ಬಾರ್ನಿ. ಆಟ ಆಡು."

ನೋರಾಳ ಸಿಟ್ಟು ಅಲ್ಲೇ ಇಳಿದುಹೋಯಿತು. ಎರಕದ ಕೆಲಸಕ್ಕೆ ಹೋದರೆ ಹೋಗಲಿ. ಇವನು ನನ್ನ ಗಂಡ, ಎಂದುಕೊಂಡು ನೆಟ್ಟಗೆ ಕೂತಳು.

ಬಾರ್ನಿಯ ಮುಖ ಕೆಂಪಾಯಿತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎದೆಯ ಮಟ್ಟಕ್ಕೆ ಬೀಸಿದ. ಲ್ಯಾಂಟಿ ಹೊಡೆದ. ಚೆಂಡು ಎಡಗಡೆ ಹಿಡಿಯಲು ನಿಂತವನ ತಲೆಯ ಮೇಲಿಂದ ಹೋಗಿ ಬೇಲಿಯ ಬುಡಕ್ಕೆ ಬಿತ್ತು. ಇಬ್ಬರೂ ಮನೆ ಮುಟ್ಟಿದರು. ಊರು ಗೆದ್ದಿತು.

ಸ್ಟ್ರೌಬ್ ಬಂದು, "ಸೋಮವಾರ ಬೇಗ ಬಾ," ಎಂದಷ್ಟೇ ಹೇಳಿ ಹೋದ. ಜನ ಟೋಪಿ ಎಸೆದರು. ಜನರ ನಡುವೆ ದಾರಿ ಮಾಡಿಕೊಂಡು ನೋರಾ ಬರುವ ಹೊತ್ತಿಗೆ ಬಾರ್ನಿ ಲ್ಯಾಂಟಿಯೆದುರು ನಿಂತಿದ್ದ, ಕತ್ತಿನ ಬೆವರು ಒರೆಸಿಕೊಳ್ಳುತ್ತಾ.

"ಈ ವರ್ಷ ನಿನ್ನ ನೋಡಿದಾಗೆಲ್ಲ ಅಯ್ಯೋ ಪಾಪ ಅನ್ಸೋದು ಕಣೋ," ಎಂದ. "ಇನ್ಮೇಲೆ ನೀನು ಎದುರಿಗೆ ಬಂದ್ರೆ, ನನಗೆ ಹಿಂದಿನ ರಾತ್ರಿ ನಿದ್ದೆ ಬರಲ್ಲ."

ಲ್ಯಾಂಟಿ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ತೇನೇ?"

"ಕೇಳಿಸ್ಲಿಲ್ಲ," ಎಂದಳು ನೋರಾ. "ಇನ್ನೊಂದ್ಸಲ ಹೇಳು ಬಾರ್ನಿ, ಗಟ್ಟಿಯಾಗಿ."