ತಣ್ಣಗಿರಬೇಕಾದ ಮದ್ದು

“ತೋಳು ಸಡಿಲ ಬಿಡಿ ಅಕ್ಕ,” ಎಂದು ನರ್ಸ್ ತನುಜ ಜ್ಯೋತಿಲಕ್ಷ್ಮಿಯ ತೋಳನ್ನು ಹತ್ತಿಯಿಂದ ಒರೆಸಿದಳು. ಮೇಜಿನ ಮೇಲಿದ್ದ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದು ಇಣುಕಿದಳು. “ಐಸ್ ಚೆನ್ನಾಗೇ ಇದೆ. ಆದ್ರೆ ಮೆಡಿಕಲ್‌ನೋರು ಈಗ ಹಿಂಗೆ ಪುಡಿ ಐಸ್ ಹಾಕ್ಕೊಡ್ತಾರಾ?”

ಬಾಗಿಲ ಬಳಿ ನಿಂತಿದ್ದ ಮಾವ ನಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಜ್ಯೋತಿಯ ಮೊದಲ ಮಗು ಬದುಕಿದ್ದು ಏಳೇ ವಾರ. ನೆಗಡಿ ಎಂದು ಶುರುವಾಗಿ, ಮೂರನೆಯ ದಿನಕ್ಕೆ ಉಸಿರಿಗೆ ಒದ್ದಾಡಿ ಹೋಯಿತು. ಅಂಥ ವೈರಸ್ಸಿಗೆ ಈಗ ಬಸುರಿಯರಿಗೇ ಕೊಡುವ ಲಸಿಕೆ ಬಂದಿದೆ, ತಾಯಿಗೆ ಚುಚ್ಚಿದರೆ ಮಗುವಿಗೆ ಹುಟ್ಟುವಾಗಲೇ ರಕ್ಷಣೆ ಇರುತ್ತದೆ ಎಂದಿದ್ದರು ಡಾಕ್ಟರಮ್ಮ. ಆದರೆ ಮೂವತ್ತಾರನೇ ವಾರ ಮುಗಿಯುವುದರೊಳಗೆ ಕೊಡಬೇಕು. ಅದು ಮುಗಿಯುವುದು ಇವತ್ತಿಗೆ. ಲಸಿಕೆ ಚಿಕ್ಕಬಳ್ಳಾಪುರದ ಅಂಗಡಿಗೆ ಬಂದದ್ದೇ ನಿನ್ನೆ. ಜ್ಯೋತಿಯ ಗಂಡ ವೇಣುವಿಗೆ ರಜೆ ಸಿಗದೆ ತರುವ ಕೆಲಸ ಅವನಪ್ಪ ನಲ್ಲಪ್ಪನಿಗೆ ಬಿತ್ತು.

ಅವನಿಗಿಂತ ನಂಬಿಕಸ್ತ ಯಾರಿದ್ದಾರೆ? ನಲವತ್ತು ವರ್ಷ ಕೆಂಚಾರ್ಲಹಳ್ಳಿಯವರಿಗೆ ರೇಷ್ಮೆ ಮೊಟ್ಟೆ ತಂದುಕೊಟ್ಟವನು, ಒಂದನ್ನೂ ಕೆಡಿಸಿದವನಲ್ಲ ಎಂಬ ಹೆಸರು ಬೇರೆ. ಆ ಹೆಸರೇ ಮುಳುವಾಯಿತು. ಬೆಳಿಗ್ಗೆ ಬಸ್ಸು ಶಿಡ್ಲಘಟ್ಟ ದಾಟುವಾಗ ಪೆಟ್ಟಿಗೆಯೊಳಗೆ ಕೈಯಿಟ್ಟರೆ ಕೊರೆಯುತ್ತಿತ್ತು. ಇಷ್ಟು ತಣ್ಣಗಿದ್ದರೆ ಮೊಟ್ಟೆ ಉಳಿಯುತ್ತದೆಯೇ, ಮದ್ದು ಉಳಿಯುತ್ತದೆಯೇ? ಐಸನ್ನು ಕಿಟಕಿಯಾಚೆ ಎಸೆದು, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಬೆಚ್ಚಗೆ ಇಟ್ಟುಕೊಂಡು ತಂದ. ಐಸ್ ತೆಗೀಬೇಡಿ ಎಂದ ಅಂಗಡಿಯವನ ಮಾತನ್ನು ಬಸ್ಸಿನ ಗಡಿಬಿಡಿಯಲ್ಲಿ ಅರ್ಧವೇ ಕೇಳಿಸಿಕೊಂಡಿದ್ದ ಮಹಾಶಯ.

ಚಿಂತಾಮಣಿಯಲ್ಲಿ ಇಳಿಯುವಾಗ ಜ್ಯೋತಿಯ ಫೋನು. “ಮಾವ, ಐಸ್ ಕರಗಿಲ್ಲ ತಾನೆ? ತಣ್ಣಗಿಲ್ದಿದ್ರೆ ಕೆಟ್ಟೋಗುತ್ತಂತೆ.”

“ಇದೆ ಕಣಮ್ಮ,” ಎಂದುಬಿಟ್ಟ. ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಐಸ್ ಬೇಡಿ ಪೆಟ್ಟಿಗೆ ತುಂಬಿಸಿದ.

ಈಗ ತನುಜ ಸಿರಿಂಜಿಗೆ ಸೂಜಿ ಜೋಡಿಸುತ್ತಿದ್ದಳು. ನಲ್ಲಪ್ಪನಿಗೆ ಆ ಏಳು ವಾರದ ಮಗುವೇ ಕಣ್ಣಮುಂದೆ ಬಂತು. ರೇಷ್ಮೆ ಹುಳುವಿಗೆ ರೋಗ ತಗುಲೀತೆಂದು ಹುಳುಮನೆಗೆ ಕಾಲಿಡುವ ಮುನ್ನ ಮೊಣಕೈವರೆಗೆ ಕೈ ತೊಳೆಯುವ ತಾನು, ಅವತ್ತು ಸಂತೆಯಿಂದ ಕೆಮ್ಮುತ್ತಾ ಬಂದವನು ಹಾಗೇ ಮಗುವನ್ನೆತ್ತಿ ಮುದ್ದಾಡಿದ್ದ. ಆ ತಪ್ಪನ್ನು ಯಾರೂ ಅವನ ಮುಖಕ್ಕೆ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಿತ್ತು.

“ತಡಿಯಮ್ಮಾ! ಚುಚ್ಬೇಡ!”

ತನುಜಳ ಕೈ ನಿಂತಿತು.

“ಐಸ್ ದಾರೀಲಿ ಎಸೆದ್ಬಿಟ್ಟೆ. ಮೊಟ್ಟೆ ಥರಾನೇ ಅಂದ್ಕೊಂಡೆ. ಇದು ಕಬ್ಬಿನ ಹಾಲಿನ ಅಂಗಡೀದು.”

ಜ್ಯೋತಿ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಫೋನಲ್ಲಿ ಇದೆ ಅಂದ್ರಲ್ಲ ಮಾವ?”

“ಸುಳ್ಳು ಹೇಳ್ದೆ.”

“ನೀವು ಸುಮ್ನಿದ್ದಿದ್ರೆ ಇದನ್ನೇ ಚುಚ್ಚಿಸ್ಕೊಂಡು ಧೈರ್ಯವಾಗಿ ಇದ್ಬಿಡ್ತಿದ್ದೆ ನಾನು.”

ತನುಜ ಅಂಗಡಿಗೆ ಫೋನ್ ಮಾಡಿದಳು. “ಇನ್ನು ಒಂದೇ ಒಂದಿದೆಯಂತೆ, ಎತ್ತಿಡ್ತಾರೆ. ಡಾಕ್ಟ್ರು ಐದಕ್ಕೆ ಹೊರಡ್ತಾರೆ, ಅವರಿಲ್ದೆ ಚುಚ್ಚೋ ಹಾಗಿಲ್ಲ. ಬೇರೆ ಯಾರನ್ನಾದ್ರೂ ಕಳಿಸಿ ಅಕ್ಕ.”

“ಮಾವನೇ ಹೋಗ್ಲಿ,” ಎಂದಳು ಜ್ಯೋತಿ, ಅವನ ಮುಖ ನೋಡದೆ. “ಅವರಿಗೀಗ ಗೊತ್ತು.”

ನಾಲ್ಕೂ ಮುಕ್ಕಾಲಾದರೂ ಅವನ ಸುಳಿವಿಲ್ಲ. ಡಾಕ್ಟರಮ್ಮ ಎರಡು ಸಲ ಗಡಿಯಾರ ನೋಡಿದರು. ಜ್ಯೋತಿ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಐದಕ್ಕೆ ಎಂಟು ನಿಮಿಷವಿರುವಾಗ ನಲ್ಲಪ್ಪ ಏದುಸಿರು ಬಿಡುತ್ತಾ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದ.

“ಕೈ ಬಿಡಿ ತಾತ,” ಎಂದಳು ತನುಜ. ಮುಚ್ಚಳ ಅಲುಗದಂತೆ ದಾರಿಯುದ್ದಕ್ಕೂ ಅದುಮಿ ಹಿಡಿದ ಬೆರಳುಗಳು ಮರಗಟ್ಟಿದ್ದವು. ಅವಳೇ ಒಂದೊಂದಾಗಿ ಬಿಡಿಸಿದಳು. ಒಳಗೆ ಐಸು ಗಟ್ಟಿಯಾಗಿಯೇ ಇತ್ತು.

ವರಾಂಡದಲ್ಲಿ ಕಾಯುತ್ತಿದ್ದವನಿಗೆ ಸ್ವಲ್ಪ ಹೊತ್ತಿಗೆ ಒಳಗಿನಿಂದ ಜ್ಯೋತಿಯ ದನಿ ಕೇಳಿತು. “ಆಯ್ತು ಮಾವ. ಒಳಗ್ ಬನ್ನಿ.”

ನಲ್ಲಪ್ಪ ಬಾಗಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಹಾಗೇ ಹಿಂದಕ್ಕೆ ಹೋದ. ವರಾಂಡದ ಕೊನೆಯ ನಲ್ಲಿ ತಿರುಗಿಸಿ ಸೋಪು ಎತ್ತಿಕೊಂಡ. ಒಳಗಿನಿಂದ ಅವಳು ಮತ್ತೊಮ್ಮೆ ಕರೆದಾಗಲೂ ಅವನು ಮೊಣಕೈವರೆಗೆ ಉಜ್ಜುತ್ತಲೇ ಇದ್ದ.