ಹತ್ತೂ ಹುಂಜವೇ ಎಂದ ಅಡುಗೆಯವನು

"ಆ ಚಾಕು ಕೆಳಗಿಡಿ ಭಾವ. ಇಲ್ಲಾಂದ್ರೆ ಮೊದಲು ನನ್ನ ಕೈ ಕೊಯ್ದುಬಿಡಿ."

"ನಿನ್ನ ಕೈಯಲ್ಲಿ ಮಾಂಸ ಎಲ್ಲಿದೆಯಮ್ಮ, ಬರೀ ಮೂಳೆ. ದಾರಿ ಬಿಡು."

"ಬಿಡಲ್ಲ."

"ಆರು ಜನಾನ ಊಟಕ್ಕೆ ಕರೆದಿದ್ದೀನಿ. ಮಧ್ಯಾಹ್ನ ಅವರಿಗೆ ನಿನ್ನ ಮಾತು ಬಡಿಸಲಾ?"

ಹಿತ್ತಲಿನ ಕೋಳಿಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ಹೊಲಿಗೆಯಕ್ಕ ನಿಂತಿದ್ದಳು. ಓಣಿಯವರು ಅವಳನ್ನು ಕರೆಯುವುದೇ ಹಾಗೆ. ಹದಿನೈದು ವರ್ಷದಿಂದ ಓಣಿಯ ಅಂಗಿ, ಲಂಗ, ಶಾಲೆಯ ಚಡ್ಡಿ ಎಲ್ಲ ಅವಳ ಮೆಷಿನ್ನಿನಿಂದಲೇ ಬರುತ್ತಿದ್ದವು. ಎದುರಿಗೆ ನಿಂತವನು ಅವಳ ಗಂಡನ ಅಣ್ಣ, ಪಟ್ಟಣದ ದೊಡ್ಡ ಹೋಟೆಲಿನಲ್ಲಿ ಅಡುಗೆಯವನು. ರಜೆಯ ಮೇಲೆ ಬಂದು ಹತ್ತು ದಿನವಾಗಿತ್ತು. ಅವನ ಎಡಗೈಯಲ್ಲಿ ಒಂದು ಬಿಳಿ ಎಳೆಕೋಳಿ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಕಾಲಿಗೆ ಕೆಂಪು ದಾರ ಕಟ್ಟಿತ್ತು. ಕೆಂಪು ದಾರ ಅಂದರೆ ಹುಂಜ, ಕೊಯ್ಯಬೇಕಾದದ್ದು. ಕಟ್ಟಿದವನು ಅವನೇ. ಆರು ಜನಕ್ಕೆ ಒಂದು ಸಾಲದೆಂದು ಇನ್ನೊಂದನ್ನು ಹಿಡಿಯಲು ಗೂಡಿಗೆ ಬಂದಿದ್ದ.

ಅವಳಿಗೆ ಚಾಕು ಸರಿಯಾಗಿ ಕಾಣುತ್ತಿರಲಿಲ್ಲ. ಬಿಸಿಲಿಗೆ ಮಿಂಚುವ ಒಂದು ಬಿಳಿ ಗೆರೆ, ಅಷ್ಟೇ. ಅದು ತನ್ನ ಕಡೆ ಬರುತ್ತಿದೆಯೋ ಕೋಳಿಯ ಕಡೆ ಹೋಗುತ್ತಿದೆಯೋ ತಿಳಿಯದೆ ಅವಳು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದಳು.

ಈ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಒಬ್ಬಳೇ ಕಣ್ಣಾಸ್ಪತ್ರೆಗೆ ಹೋಗಿ ಬಂದಿದ್ದಳು. ಕಣ್ಣಿನ ಒಳಪರದೆ ಸವೆಯುತ್ತಿದೆ, ಹೋದದ್ದು ಬರುವುದಿಲ್ಲ, ವರ್ಷದೊಳಗೆ ಸೂಜಿ ಕೆಲಸ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೊಲಿಗೆ ಬಿಟ್ಟರೆ ಮುಂದೇನು? ಕಣ್ಣಿಲ್ಲದೆಯೂ ಮಾಡಬಹುದಾದ ಕೆಲಸ ಯಾವುದು? ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಕೊನೆಗೆ ಸಂತೆಯ ಹತ್ತಿರ ಬಸ್ಸು ಇಳಿದು ಹತ್ತು ಬಿಳಿ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಳು. ಅದೇ ವಾರ ಮನೆಯ ಕಂದು ಕೋಳಿ ಕಾವು ಮುಗಿಸಿ ಒಂಬತ್ತು ಮರಿ ಎಬ್ಬಿಸಿತ್ತು. ಮೊಟ್ಟೆ ಇಡುವ ಕೋಳಿಗಳು ಹತ್ತಿರ ಹತ್ತಿರ ಹನ್ನೆರಡಾದರೆ, ಮೆಷಿನ್ ಮುಚ್ಚಿದ ದಿನವೂ ಮನೆಯಲ್ಲಿ ತಲೆ ಎತ್ತಿ ನಡೆಯಬಹುದು. ಅವಳ ಲೆಕ್ಕ ಇಷ್ಟೇ.

ಮರಿ ಮಾರಿದವನು "ಎಲ್ಲಾ ಹೇಂಟೆನೇ ಅಕ್ಕ, ಒಂದೂ ಹುಂಜ ಇಲ್ಲ" ಎಂದಿದ್ದ. ಅತ್ತೆ ಒಂದೊಂದು ಮರಿಯ ಮೇಲೂ ದಾರದಲ್ಲಿ ಉಂಗುರ ತೂಗಿ, ಅದು ಸುತ್ತು ಹಾಕಿದ್ದನ್ನು ನೋಡಿ, "ಹತ್ತೂ ಹೇಂಟೆ" ಎಂದು ತೀರ್ಪು ಕೊಟ್ಟಿದ್ದರು. ಹನ್ನೊಂದು ವಾರ ಕಳೆದ ಮೇಲೆ ಅಡುಗೆಯವನು ಬಂದ. ಗೂಡಿನೊಳಗೆ ಒಮ್ಮೆ ಬಗ್ಗಿ ನೋಡಿ ನಕ್ಕ.

"ಸಂತೆಯವನು ನಿನ್ನ ತಲೆ ಬೋಳಿಸಿದ್ದಾನೆ. ಈ ಬಿಳೀದರ ಜುಟ್ಟು ನೋಡು ಎಷ್ಟು ಕೆಂಪಗಿದೆ. ಹತ್ತೂ ಹುಂಜ. ಕಂದುದರ ತಲೆ ನೋಡು, ಜುಟ್ಟೇ ಇಲ್ಲ. ಒಂಬತ್ತೂ ಹೇಂಟೆ. ಕಂದುದನ್ನ ಇಟ್ಕೋ, ಬಿಳೀದನ್ನ ತಿನ್ನು."

ಸಂತೆಯಲ್ಲಿ ಹುಂಜದ ಮರಿಗಳನ್ನು ಹೇಂಟೆ ಎಂದು ಮಾರುವವರು ಇದ್ದೇ ಇದ್ದಾರೆ. ಅದಕ್ಕೇ ಅವನ ಮಾತು ನಿಜವೆನಿಸಿತು. ಹತ್ತಕ್ಕೂ ಕೆಂಪು ದಾರ ಕಟ್ಟಿದ. ಹೋದ ಭಾನುವಾರ ಎರಡನ್ನು ಕೊಯ್ದು, ಒಳಗಿನದನ್ನೆಲ್ಲ ನೋಡದೆಯೇ ಬಾಚಿ ನಾಯಿಗೆ ಎಸೆದ. ಆ ಎರಡು ಹುಂಜವೋ ಹೇಂಟೆಯೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹೊಲಿಗೆಯಕ್ಕನಿಗೆ ಆ ರಾತ್ರಿಯಿಂದ ನಿದ್ದೆಯಿಲ್ಲ. ತಡೆಯಬೇಕು ಎನಿಸುತ್ತಿತ್ತು. ತಡೆದರೆ "ಎಲ್ಲಿ, ನೀನೇ ನೋಡಿ ಹೇಳು" ಎನ್ನುತ್ತಾನೆ. ನೋಡಲು ಕಣ್ಣೆಲ್ಲಿದೆ?

ಗಂಡ ಗಾರೆ ಕೆಲಸದವನು. ಆ ದಿನ ತಾರಸಿ ಹಾಕುವುದಿತ್ತು. "ಅಣ್ಣ ಹೇಳಿದ ಹಾಗೆ ಮಾಡು" ಎಂದು ಬೆಳಿಗ್ಗೆಯೇ ಹೊರಟುಹೋಗಿದ್ದ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು.

"ಬಿಟ್ಟುಬಿಡೇ," ಎಂದರು ಸೊಸೆಗೆ, ದನಿ ತಗ್ಗಿಸಿ. "ಅವನಿಗೆ ಸಿಟ್ಟು ಬಂದರೆ ಚೀಲ ತಗೊಂಡು ಹೊರಡ್ತಾನೆ. ನನಗಿರೋದು ಇಬ್ಬರೇ ಮಕ್ಕಳು. ಕೋಳಿ ಇನ್ನೊಂದು ತಂದರಾಯ್ತು."

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರುಗುಟ್ಟಿತು. ಹೆಗಲಿಗೆ ಮಂಜುಗಡ್ಡೆಯ ಡಬ್ಬಿ ತೂಗುಹಾಕಿಕೊಂಡು ಲಸಿಕೆಯಕ್ಕ ಒಳಗೆ ಬಂದಳು. ಓಣಿಯ ಕೋಳಿಗಳಿಗೆಲ್ಲ ಲಸಿಕೆ ಹಾಕುವವಳು ಅವಳೇ. ಮರಿಗಳಿದ್ದಾಗ ಕಣ್ಣಿಗೆ ಹನಿ ಹಾಕಿದ್ದಳು, ಈಗ ರೆಕ್ಕೆಯಡಿಗೆ ಚುಚ್ಚಲು ಬಂದಿದ್ದಳು.

"ಏನಿದು, ನಾನು ಸೂಜಿ ತಂದರೆ ನೀವು ಚಾಕು ತಂದಿದ್ದೀರಿ?"

"ಹುಂಜಕ್ಕೆ ಲಸಿಕೆ ದಂಡ. ನೀನು ಆ ಕಂದು ಹೇಂಟೆಗಳಿಗೆ ಹಾಕಿ ಹೋಗಮ್ಮ," ಎಂದ ಅಡುಗೆಯವನು.

"ಇದು ಹುಂಜ ಅಂತ ಯಾರು ಹೇಳಿದ್ದು?"

"ನಾನು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಕೋಳಿ ನನ್ನ ಕೈ ಮೇಲೆ ಹೋಗಿದೆ ಗೊತ್ತಾ?"

"ಹೋಗಿದೆ ಅಣ್ಣ, ಇಲ್ಲ ಅನ್ನಲ್ಲ. ಆದರೆ ಪುಕ್ಕ ತೆಗೆದು, ಹೊಟ್ಟೆ ತೊಳೆದು ಬಂದ ಕೋಳಿ. ನಿಮಗೂ ಕೋಳಿಗೂ ಅದು ಸತ್ತ ಮೇಲಷ್ಟೇ ಪರಿಚಯ."

ಅತ್ತೆಗೆ ನಗು ಬಂತು. ಮಗನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡರು.

"ಜುಟ್ಟು ಕೆಂಪಾದರೆ ಹುಂಜ. ಚಿಕ್ಕ ಮಕ್ಕಳಿಗೂ ಗೊತ್ತು," ಎಂದ ಅವನು.

"ಅರ್ಧ ಗೊತ್ತು. ಈ ಬಿಳಿಯದು ಒಂದು ತಳಿ, ಕಂದುದು ಇನ್ನೊಂದು. ಬಿಳಿ ತಳಿಯ ಮೈ ಹಗುರ, ಕಿವಿಯ ಹತ್ತಿರ ಬಿಳಿ ಮಚ್ಚೆ, ಗರಗಸದ ಹಲ್ಲಿನ ಹಾಗೆ ಎದ್ದು ನಿಂತ ಜುಟ್ಟು. ಅದರಲ್ಲಿ ಹೇಂಟೆಗೂ ಜುಟ್ಟು ದೊಡ್ಡದೇ. ಈ ಕಂದುದರ ಕಾಲು ಉದ್ದ, ಮೂಳೆ ದಪ್ಪ, ತಲೆ ಮೇಲೆ ಬಟಾಣಿ ಅಂಟಿಸಿದ ಹಾಗೆ ಒಂದು ಗಂಟು. ಅದರಲ್ಲಿ ಹುಂಜಕ್ಕೂ ಜುಟ್ಟು ಏಳಲ್ಲ. ನೀವು ಕುರಿ ಪಕ್ಕ ಮೇಕೆ ನಿಲ್ಲಿಸಿ ಗಡ್ಡ ಇರೋದೆಲ್ಲ ಗಂಡು ಅಂತಿದ್ದೀರಿ."

"ಮೇಕೇಲಿ ಹೆಣ್ಣಿಗೂ ಗಡ್ಡ ಇರುತ್ತೆ," ಎಂದರು ಅತ್ತೆ.

"ಅದೇ ಅಜ್ಜಿ ನಾನು ಹೇಳಿದ್ದು. ಮೊದಲು ಯಾವ ತಳಿ ಅಂತ ನೋಡಬೇಕು. ಆಮೇಲೆ ಅದೇ ತಳಿಯ, ಅದೇ ವಯಸ್ಸಿನ ಎರಡು ಮೂರು ಪಕ್ಕ ಪಕ್ಕ ಇಟ್ಟು ನೋಡಬೇಕು."

"ನಾನು ಉಂಗುರ ತೂಗಿ ನೋಡಿದ್ದೆ ಕಣಮ್ಮ. ಹತ್ತೂ ಹೇಂಟೆ ಅಂತ ಬಂತು."

"ಉಂಗುರ ತಿರುಗಿದ್ದು ಮರಿ ನೋಡಿ ಅಲ್ಲ ಅಜ್ಜಿ, ನಿಮ್ಮ ಕೈ ನಡುಗಿ. ನಿನ್ನೆ ಮೊನ್ನೆ ಹುಟ್ಟಿದ ಮರೀನ ಬರೀ ನೋಡಿ ಹೇಳಕ್ಕೆ ನನಗೂ ಬರಲ್ಲ. ಮರಿ ಮಾಡಿಸೋ ಫಾರಂಗಳಲ್ಲಿ ಹಿಂಬದಿ ಬಿಡಿಸಿ ನೋಡೋರು ಇದ್ದಾರೆ. ಅವರು ಅದನ್ನೇ ಕಲಿತವರು. ನಾವು ಒತ್ತಿದರೆ ಕರುಳು ಒಡೆದು ಮರಿ ಸಾಯುತ್ತೆ. ಹೋದ ತಿಂಗಳು ಕೊನೇ ಮನೆಯಲ್ಲಿ ಹಾಗೆ ಏಳು ಸತ್ತವು."

ಅಡುಗೆಯವನು ಕೋಳಿಯನ್ನು ಕೈ ಬದಲಿಸಿದ. ಕೋಳಿ ಒಮ್ಮೆ ರೆಕ್ಕೆ ಬಡಿದು ಸುಮ್ಮನಾಯಿತು. "ಹಾಗಾದರೆ ಈಗ ಹೇಗೆ ಹೇಳ್ತೀಯ?"

"ಈಗ ಹೇಳಬಹುದು. ಹನ್ನೆರಡು ವಾರ ದಾಟಿದೆ. ಬಾಲಕ್ಕೆ ಸ್ವಲ್ಪ ಮುಂದೆ, ಸೊಂಟದ ಮೇಲೆ ಪುಕ್ಕ ನೋಡಿ. ಹುಂಜಕ್ಕೆ ಸಪೂರ, ತುದಿ ಚೂಪು. ಹೇಂಟೆಗೆ ಅಗಲ, ತುದಿ ಗುಂಡಗೆ. ಹೊಲಿಗೆಯಕ್ಕ, ಒಂದು ಹಿಡ್ಕೊಂಡು ನೀನೇ ನೋಡು."

ಹೊಲಿಗೆಯಕ್ಕ ಅಲುಗಾಡಲಿಲ್ಲ. ಇದೇ ಮಾತಿಗೆ ಅವಳು ಒಂದು ವಾರದಿಂದ ಹೆದರಿದ್ದು.

"ನೀವೇ ನೋಡಿ," ಎಂದಳು.

"ಅವಳಿಗೆ ಕಂಡರೆ ತಾನೇ," ಎಂದ ಅಡುಗೆಯವನು. "ನಾನು ಬಂದಾಗಿಂದ ನೋಡ್ತಿದ್ದೀನಿ. ಸೂಜಿಗೆ ದಾರ ಹಾಕೋಕೆ ಪಕ್ಕದ ಮನೆ ಹುಡುಗೀನ ಕರೀತಾಳೆ. ಮೊನ್ನೆ ನನ್ನ ಅಂಗಿಗೆ ಗುಂಡಿ ತಿರುಗುಮುರುಗು ಹಾಕಿಕೊಟ್ಟಳು. ಕಣ್ಣೇ ಕಾಣದವಳು ನನಗೆ ಕೋಳಿ ಪಾಠ ಮಾಡ್ತಾಳೆ."

ಅತ್ತೆ ಮೆಟ್ಟಿಲಿನಿಂದ ಎದ್ದರು.

"ಏನಂದ ಅವನು? ನಿನ್ನ ಕಣ್ಣಿಗೇನಾಗಿದೆ?"

ಹೊಲಿಗೆಯಕ್ಕ ಕೋಳಿಗೂಡಿಗೆ ಆತು ನಿಂತಳು. "ಮಸುಕಾಗಿದೆ ಅತ್ತೆ. ಇನ್ನೂ ಮಸುಕಾಗುತ್ತಂತೆ. ಹೊಲಿಗೆ ಹೆಚ್ಚು ದಿನ ನಡೆಯಲ್ಲ. ಅದಕ್ಕೇ ಈ ಕೋಳಿ."

ಲಸಿಕೆಯಕ್ಕ ಹತ್ತಿರ ಬಂದಳು. ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಒಂದು ಬಿಳಿ ಕೋಳಿ ಹಿಡಿದು ಅವಳ ಕಂಕುಳಿಗೆ ಸಿಕ್ಕಿಸಿದಳು. "ಕಣ್ಣು ಯಾಕೆ ಬೇಕು? ಬಟ್ಟೆಯ ಅಂಚು ಕತ್ತರಿಸಿದ್ದೋ ಮಡಚಿದ್ದೋ ಕತ್ತಲಲ್ಲೂ ಹೇಳೋ ಬೆರಳು ನಿನ್ನದು. ಒಂದು ಪುಕ್ಕ ಹಿಡಿದು ಬುಡದಿಂದ ತುದಿವರೆಗೆ ಎಳಿ."

ಅವಳು ಎಳೆದಳು. ತುದಿ ಬೆರಳ ಮೇಲೆ ಉಗುರಿನ ಹಾಗೆ ಗುಂಡಗೆ ಹಾಯಿತು. ಇನ್ನೊಂದು ಪುಕ್ಕ, ಅದೂ ಗುಂಡಗೆ.

"ಹೇಂಟೆ," ಎಂದಳು, ಪಿಸುಮಾತಿನಲ್ಲಿ.

ಮುಂದಿನದೂ ಹೇಂಟೆ. ಮೂರನೆಯದರ ಪುಕ್ಕ ತೆಳ್ಳಗೆ, ರಿಬ್ಬನ್ನಿನ ತುದಿಯ ಹಾಗೆ ಚೂಪಾಗಿ ಜಾರಿತು. "ಹುಂಜ," ಎಂದಳು. ಅದರ ಕಾಲೂ ದಪ್ಪ, ಗದ್ದದಡಿಯ ಜೋಲು ಬೇರೆಯವಕ್ಕಿಂತ ಉದ್ದ, ಎಂದು ಲಸಿಕೆಯಕ್ಕ ಅತ್ತೆಗೆ ತೋರಿಸಿದಳು. ಗೂಡಿನಲ್ಲಿದ್ದ ಏಳು ಬಿಳಿಯವನ್ನೂ ಹೊಲಿಗೆಯಕ್ಕ ಮುಟ್ಟಿ ನೋಡಿದಳು. ಎರಡು ಹುಂಜ, ಐದು ಹೇಂಟೆ. ಒಂಬತ್ತು ಕಂದು ಕೋಳಿಗಳನ್ನೂ ನೋಡಿದಳು. ಅಡುಗೆಯವನು ಹೇಂಟೆ ಎಂದು ಉಳಿಸಿದ್ದರಲ್ಲಿ ನಾಲ್ಕು ಹುಂಜ. ಅತ್ತೆ ಬಗ್ಗಿ ಬಗ್ಗಿ ಒಂದೊಂದು ತುದಿಯನ್ನೂ ಬಿಸಿಲಿಗೆ ಹಿಡಿದು ನೋಡಿ "ಹೌದಲ್ಲೇ, ಹೌದಲ್ಲೇ" ಎನ್ನುತ್ತಿದ್ದರು.

"ಭಾವ, ನಿಮ್ಮ ಕೈಯಲ್ಲಿರೋದನ್ನ ಕೊಡಿ. ಅದನ್ನೂ ನೋಡ್ತೀನಿ," ಎಂದು ಅವಳು ಕೈ ಚಾಚಿದಳು.

ಅವನ ಮುಖ ಕಪ್ಪಿಟ್ಟಿತ್ತು. "ಪುಕ್ಕ ಮುಟ್ಟಿ ಭವಿಷ್ಯ ಹೇಳ್ತೀರಾ? ಒಳಗೆ ಏನಿದೆ ಅಂತ ನಾನು ತೋರಿಸ್ತೀನಿ," ಎಂದ.

ಲಸಿಕೆಯಕ್ಕ "ಬೇಡ ಅಣ್ಣ" ಎನ್ನುವಷ್ಟರಲ್ಲಿ ಮುಗಿದಿತ್ತು. ಹೊಲಿಗೆಯಕ್ಕ ನೋಡಲಿಲ್ಲ, ಕೇಳಿದಳು. ರೆಕ್ಕೆ ಕಲ್ಲಿಗೆ ಬಡಿಯುವ ಸದ್ದು ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ, ಆಮೇಲೆ ಇಲ್ಲ. ಅವಳ ಚಾಚಿದ ಕೈ ಹಾಗೇ ಇತ್ತು.

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೋಳಿಯ ಹೊಟ್ಟೆ ಬಿಡಿಸಿದ. "ನೋಡಿ, ಬನ್ನಿ," ಎಂದ. ಏನು ನೋಡಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಲಸಿಕೆಯಕ್ಕ ಕರುಳನ್ನು ಪಕ್ಕಕ್ಕೆ ಸರಿಸಿದಳು. ಹುಂಜವಾಗಿದ್ದರೆ ಬೆನ್ನುಮೂಳೆಯ ಎರಡೂ ಬದಿಗೆ ಅಕ್ಕಿಕಾಳಿನಂಥ ಒಂದೊಂದು ಬೀಜ ಇರಬೇಕು. ಇರಲಿಲ್ಲ. ಎಡಗಡೆ ಮಾತ್ರ, ಮೂಳೆಗೆ ಅಂಟಿಕೊಂಡು, ಗಸಗಸೆ ಚೆಲ್ಲಿದಂತೆ ಸಣ್ಣ ಸಣ್ಣ ಕಾಳುಗಳ ಒಂದು ಗೊಂಚಲಿತ್ತು.

"ಏನಿದೆ ಅತ್ತೆ?" ಎಂದಳು ಹೊಲಿಗೆಯಕ್ಕ. "ನನಗೆ ಕಾಣ್ತಿಲ್ಲ."

ಅತ್ತೆ ಸೊಸೆಯ ಬೆರಳು ಹಿಡಿದು ಆ ಕಾಳುಗಳ ಮೇಲಿಟ್ಟರು. ಇನ್ನೂ ಬಿಸಿಯಿತ್ತು.

"ಇದೆಲ್ಲ ಮೊಟ್ಟೆ ಅಜ್ಜಿ," ಎಂದಳು ಲಸಿಕೆಯಕ್ಕ. "ಇನ್ನು ಎರಡೂವರೆ ತಿಂಗಳಿಗೆ ಒಂದೊಂದಾಗಿ ಬರ್ತಿದ್ದವು."

ಅಡುಗೆಯವನು ಕಲ್ಲಿನ ಮೇಲಿನದನ್ನು ನೋಡಿದ, ತಾಯಿಯನ್ನು ನೋಡಿದ. "ಒಂದು ಕೋಳಿಗೆ ಮನೆಯವರೆಲ್ಲ ಸೇರಿ ನನ್ನ ಮಾನ ಕಳೆದಿರಿ," ಎಂದ. ಒಳಗೆ ಹೋಗಿ ಚೀಲ ಹೆಗಲಿಗೇರಿಸಿಕೊಂಡು ಬಂದ. "ನಾನು ಹೊರಟೆ. ಈ ಹೊಸ್ತಿಲು ಇನ್ನು ತುಳಿಯಲ್ಲ."

ಅತ್ತೆ ತಡೆಯುತ್ತಾರೆ ಎಂದು ಎಲ್ಲರೂ ಕಾದರು. ಅವನೂ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅತ್ತೆ ಕೆಳಗೆ ಕೂತು, ಉಳಿದ ಐದು ಹೇಂಟೆಗಳ ಕಾಲಿನ ಕೆಂಪು ದಾರವನ್ನು ಒಂದೊಂದಾಗಿ ಬಿಚ್ಚತೊಡಗಿದರು. ಬಾಗಿಲು ಕಿರುಗುಟ್ಟಿ ಮುಚ್ಚಿಕೊಂಡಿತು.

ಆ ಸಂಜೆ ಮನೆಗೆ ಬಂದ ಗಂಡನ ಕೈಗೂ ಅತ್ತೆ ಒಂದು ಪುಕ್ಕ ಕೊಟ್ಟು "ಮುಟ್ಟಿ ನೋಡು" ಎಂದರು. ಅವನು ನೋಡಿದ, ನಂಬಿದ, ಅಣ್ಣನನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೂ ಓಡಿದ. ಬಸ್ಸು ಹೋಗಿತ್ತು. ಹೋದವನು ಆ ವಾರ ಬರಲಿಲ್ಲ, ಆ ವರ್ಷವೂ ಬರಲಿಲ್ಲ. ಕೊಯ್ದ ಕೋಳಿಯೂ ಬರಲಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಿನಲ್ಲಿ ಈಗ ಎಳೆಕೋಳಿಗಳಿದ್ದರೆ ಈ ಹಾಳೆ ಮಡಚುವ ಮೊದಲು ಹೋಗಿ ನೋಡಿ. ಎರಡು ತಳಿ ಕಲಸಿ ಜುಟ್ಟು ಹೋಲಿಸಬೇಡಿ. ಮರಿ ತಂದ ದಿನವನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡಿ, ವಯಸ್ಸು ಗೊತ್ತಿರಲಿ. ಆರೆಂಟು ವಾರದಲ್ಲಿ ಜುಟ್ಟು, ಗದ್ದದ ಜೋಲು, ಕಾಲಿನ ದಪ್ಪ ನೋಡಿ ಅನುಮಾನ ಪಡಿ. ತೀರ್ಮಾನ ಮಾತ್ರ ಬೇಡ. ಹತ್ತು ಹನ್ನೆರಡು ವಾರಕ್ಕೆ ಸೊಂಟದ ಪುಕ್ಕದ ತುದಿ ಮುಟ್ಟಿ. ಆಗಲೂ ಅನುಮಾನವಿದ್ದರೆ ಇನ್ನೆರಡು ವಾರ ಕಾಯಿರಿ, ಇಲ್ಲವೇ ಲಸಿಕೆ ಹಾಕಲು ಬರುವವರನ್ನು ಕೇಳಿ. ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಉಳಿದ ಹುಂಜಗಳನ್ನು ತಿನ್ನಿ, ಯಾರೂ ಬೇಡ ಅನ್ನುವುದಿಲ್ಲ. ಉಂಗುರ ತೂಗುವುದು, ಮರಿಯ ಹಿಂಬದಿ ಒತ್ತುವುದು, ಇವನ್ನು ಇವತ್ತೇ ಬಿಡಿ. ಯಾರಾದರೂ ಜೋರು ದನಿಯಲ್ಲಿ "ನನಗೆಲ್ಲ ಗೊತ್ತು" ಎಂದು ಚಾಕು ತಂದರೆ, ಅವರು ಅಣ್ಣನಾಗಲಿ ಅಪ್ಪನಾಗಲಿ, ಹೆದರಿ ದಾರಿ ಬಿಡಬೇಡಿ. ಕೋಳಿಯನ್ನು ಕೈಗೆ ಇಸಿದುಕೊಂಡು ಮೊದಲು ಪುಕ್ಕ ಮುಟ್ಟಿ ನೋಡಿ.